ನೀಲಗಂಗಮ್ಮನವರು ತಂದ ಸಿ.ಡಿ.

ಹೆಸರು: ಸಿದ್ದಾರೂಢ ಬಿನ್ ಹೊಳೆಪ್ಪ. ವಯಸ್ಸು: 33 ವರ್ಷ. ಕಸುಬು: ಕಂಪ್ಯೂಟರುಗಳಿಗೆ ಕನ್ನಡ ಫಾಂಟ್ ಹಾಕಿಕೊಡುವುದು ಮತ್ತು ರಿಪೇರಿ. ವಾಸ: ನಂ. 46, ಮೊದಲನೇ ಮಹಡಿ, 9ನೇ ಅಡ್ಡರಸ್ತೆ, ಬಿ.ಟಿ.ಎಂ. ಬಡಾವಣೆ 2ನೇ ಹಂತ, ಬೆಂಗಳೂರು. ಸ್ವಂತ ಊರು ಗದಗ ಜಿಲ್ಲೆ ರೋಣ ತಾಲ್ಲೂಕು.

ದಿನಾಂಕ 8-10-2003ರ ಬುಧವಾರ ಮಧ್ಯಾಹ್ನ ಜಯನಗರದ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಅನಂತರಾಮು ಅವರು ಕೇಳಿದ್ದಕ್ಕೆ, ಮೃತ ನೀಲಗಂಗಮ್ಮನವರ ವಿಷಯದಲ್ಲಿ ನಾನು ಕಂಡದ್ದನ್ನೂ ಆಡಿದ್ದನ್ನೂ ಕ್ರಮವಾಗಿ ಹೇಳಿ ಬರೆಸುತ್ತಿದ್ದೇನೆ.

ನಾನು ಒಂಬತ್ತು ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ. ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆಯ ಡಿ.ಟಿ.ಪಿ. ಅಂಗಡಿಗಳಲ್ಲಿ ಕನ್ನಡ ಸರಿಯಾಗಿ ಕಾಣದಿದ್ದರೆ ನನ್ನನ್ನು ಕರೆಯುತ್ತಾರೆ. ಫಾಂಟ್ ಎಂದರೇನು ಎಂದು ಈ ಠಾಣೆಯಲ್ಲಿ ನಿನ್ನೆಯಿಂದ ಮೂರು ಜನ ಕೇಳಿದ್ದಾರೆ. ಮೂವರಿಗೂ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ. ಟೈಪ್ ಮಾಡಿದ ಮಾತು ಕಂಪ್ಯೂಟರಿನಲ್ಲಿ ಒಂದು ಕಡೆ ಇರುತ್ತದೆ. ಅದನ್ನು ಕನ್ನಡವಾಗಿ ತೋರಿಸುವ ಅಕ್ಷರಗಳು ಇನ್ನೊಂದು ಕಡೆ ಇರುತ್ತವೆ. ಆ ಅಕ್ಷರಗಳ ಕಟ್ಟಿಗೆ ಫಾಂಟ್ ಎನ್ನುತ್ತಾರೆ. ಅದು ಇಲ್ಲದಿದ್ದರೆ ಬರೆದದ್ದೆಲ್ಲ ಇಂಗ್ಲಿಷ್ ಅಕ್ಷರ, ಡಾಲರ್ ಗುರುತು, ಚೌಕದ ಡಬ್ಬಿಗಳಾಗಿ ಕಾಣುತ್ತದೆ. ಬರೆದದ್ದು ಹಾಳಾಗಿರುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನ 'ಎಲ್ಲಾ ಹೋಯ್ತು ಸಾರ್' ಎಂದು ಬಾಯಿ ಬಡಿದುಕೊಳ್ಳುತ್ತಾರೆ. ನನಗೆ ಅದನ್ನು ಕೇಳಿ ಕೇಳಿ ಸಾಕಾಗಿದೆ.

ಬನಶಂಕರಿ ಬಳಿಯ ಇಟ್ಟಮಡು ಮುಖ್ಯರಸ್ತೆಯಲ್ಲಿ ಡಿ.ಟಿ.ಪಿ. ಅಂಗಡಿ ಇಟ್ಟಿರುವ ಸೋಮನಾಥ್ ಎಂಬವರು ನನಗೆ ನಾಲ್ಕು ವರ್ಷದಿಂದ ಪರಿಚಯ. ಅವರ ಊರು ತಿಪಟೂರು ಕಡೆ. ಅಂಗಡಿಯ ಹಿಂಭಾಗದಲ್ಲೇ ಮನೆ. ಮನೆಯಲ್ಲಿ ಅವರು, ಹೆಂಡತಿ ಪ್ರೇರಣಾ ಮತ್ತು ತಾಯಿ ನೀಲಗಂಗಮ್ಮ, ಮೂರೇ ಜನ. ನೀಲಗಂಗಮ್ಮನವರಿಗೆ ಅರವತ್ನಾಲ್ಕು ವರ್ಷ. ನಾನು ಹೋದಾಗಲೆಲ್ಲ ಊಟ ಆಯಿತೇ ಎಂದು ಕೇಳುತ್ತಿದ್ದರು. ಆಗಿದೆ ಎಂದರೆ ನಂಬುತ್ತಿರಲಿಲ್ಲ. ಒಂದು ತಟ್ಟೆ ತಂದು ಕೀಬೋರ್ಡಿನ ಪಕ್ಕದಲ್ಲೇ ಇಡುತ್ತಿದ್ದರು. ಇಲ್ಲಿ ಇಡಬೇಡಿ, ಎಣ್ಣೆ ಆಗುತ್ತದೆ ಎಂದು ನಾನು ರೇಗುತ್ತಿದ್ದೆ. 'ಹೊಟ್ಟೆಗಿಂತ ಇದು ಹೆಚ್ಚೇನಪ್ಪ' ಎನ್ನುತ್ತಿದ್ದರು.

ದಿನಾಂಕ 4-10-2003ರ ಶನಿವಾರ ಆಯುಧಪೂಜೆ. ಆ ದಿನ ನಾನು ಅಲ್ಲಿಗೆ ಹೋಗಿರಲಿಲ್ಲ. ಭಾನುವಾರ ಸೋಮನಾಥ್ ಅವರು ಕಂಪ್ಯೂಟರಿಗೆ ವೈರಸ್ ಬಂದಿದೆ ಎಂದು ತಾವೇ ಎಲ್ಲವನ್ನೂ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಕೊಂಡಿದ್ದಾರೆ. ಮಾಡಿಟ್ಟ ಕೆಲಸವನ್ನು ಬೇರೆ ಕಡೆ ಉಳಿಸಿಕೊಂಡಿದ್ದಾರೆ, ಆದರೆ ಫಾಂಟುಗಳು ಹೋಗಿವೆ. ಫಾಂಟಿನ ಸಿ.ಡಿ. ಹಾಕಿದರೆ ಕಂಪ್ಯೂಟರು ಓದಲಿಲ್ಲ. ಆ ಸಿ.ಡಿ. ನಾನು ಅವರಿಗೆ ಎರಡು ವರ್ಷದ ಹಿಂದೆ ಮಾಡಿಕೊಟ್ಟದ್ದು. ಅದರ ಮೇಲೆ ನನ್ನ ಹೆಸರನ್ನೂ ಮೊಬೈಲ್ ನಂಬರನ್ನೂ ಮಾರ್ಕರ್ ಪೆನ್ನಿನಿಂದ ನಾನೇ ಬರೆದಿದ್ದೆ. ಅದು ನಕಲು ಪ್ರತಿ. ಅದಕ್ಕೆ ಬೇರೆ ಕೇಸು ಹಾಕುವುದಿದ್ದರೆ ಹಾಕಿಕೊಳ್ಳಬಹುದು, ನಾನು ಇಲ್ಲ ಎನ್ನುವುದಿಲ್ಲ.

ದಿನಾಂಕ 6-10-2003ರ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನಾನು ಅಂಗಡಿಗೆ ಹೋದೆ. ಒಂದು ಗೃಹನಿರ್ಮಾಣ ಸಂಘದ ವಾರ್ಷಿಕ ವರದಿ ಆ ಸಂಜೆಯೇ ಪ್ರೆಸ್ಸಿಗೆ ಹೋಗಬೇಕಿತ್ತು. ಸಂಘದ ಕಾರ್ಯದರ್ಶಿ ಪರಮಶಿವಯ್ಯನವರೂ ಮತ್ತೊಬ್ಬರೂ ಅಲ್ಲಿಯೇ ಕುಳಿತಿದ್ದರು. ಪರದೆಯ ತುಂಬ ಡಬ್ಬಿಗಳು. ಸೋಮನಾಥ್ ಸಿ.ಡಿ.ಯನ್ನು ನನ್ನ ಮುಖದ ಮುಂದೆ ಹಿಡಿದು, 'ನೋಡಿ ಸಿದ್ದಣ್ಣ, ನಮ್ಮಮ್ಮ ಮಾಡಿರೋ ಘನಂದಾರಿ ಕೆಲ್ಸ' ಎಂದರು.

ಸಿ.ಡಿ.ಯ ಹೊಳೆಯುವ ಮಗ್ಗುಲಲ್ಲಿ ಮೂರು ಬೆರಳಿನ ವಿಭೂತಿಯ ಗುರುತು ಅರ್ಧ ಅಳಿಸಿ ಉಳಿದಿತ್ತು. ನಡುವೆ ಕುಂಕುಮದ ಕಲೆ ಇತ್ತು. ಸುತ್ತಲೂ ಗೀರುಗಳಿದ್ದವು. ಪೂಜೆಯ ದಿನ ಕಂಪ್ಯೂಟರು, ಪ್ರಿಂಟರು, ಕತ್ತರಿ, ಸ್ಕೇಲುಗಳಿಗೆಲ್ಲ ವಿಭೂತಿ ಹಚ್ಚಿದ ಮೇಲೆ ನೀಲಗಂಗಮ್ಮನವರು ಸಿ.ಡಿ.ಯನ್ನೂ ಡಬ್ಬಿಯಿಂದ ತೆಗೆದು ಹಚ್ಚಿದ್ದಾರೆ. ಕನ್ನಡ ಅಕ್ಷರವೆಲ್ಲ ಈ ಬಿಲ್ಲೆಯಲ್ಲೇ ಇರುವುದು ಎಂದು ಮಗ ಯಾವಾಗಲೋ ಹೇಳಿದ್ದನ್ನು ನೆನಪಿಟ್ಟುಕೊಂಡು ಹಾಗೆ ಮಾಡಿದ್ದಾರೆ. ಅವರು ಬಾಗಿಲ ಹತ್ತಿರ ನಿಂತು, 'ಮುಖ ಕಾಣೋ ಕಡೆಗೇ ಅಲ್ವೇನಪ್ಪ ಹಚ್ಚೋದು, ಬರೆದಿರೋದು ಬೆನ್ನು ಅಂದ್ಕೊಂಡೆ' ಎಂದು ನನ್ನನ್ನು ಕೇಳಿದರು. ನಾನು ಸಿ.ಡಿ.ಯನ್ನು ಬೆಳಕಿಗೆ ಹಿಡಿದು ನೋಡಿದೆ.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಿ ಬರೆದುಕೊಳ್ಳಬೇಕು. ವಿಭೂತಿಯಿಂದ ಸಿ.ಡಿ. ಹಾಳಾಗುವುದಿಲ್ಲ. ಒದ್ದೆ ಹತ್ತಿಬಟ್ಟೆಯಿಂದ ಒರೆಸಿದ್ದರೆ ಹೋಗುತ್ತಿತ್ತು. ಸೋಮನಾಥ್ ಅದನ್ನು ಭಾನುವಾರ ಬಚ್ಚಲಿಗೆ ಒಯ್ದು ಪಾತ್ರೆ ತಿಕ್ಕುವ ನಾರಿನಿಂದ ಉಜ್ಜಿದ್ದರು. ಹಾಳಾಗಿದ್ದು ಆ ಗೀರುಗಳಿಂದ. ಇದನ್ನು ನಾನು ಸೋಮನಾಥ್ ಅವರ ಕಿವಿಯಲ್ಲಿ ಹೇಳಿದೆ. ಗಿರಾಕಿಗಳ ಮುಂದೆ ಅವರ ಮಾನ ಕಳೆಯುವುದು ಬೇಡ ಎಂದು ಮೆಲ್ಲಗೆ ಹೇಳಿದೆ. ಬಾಗಿಲಲ್ಲಿದ್ದ ಅವರ ತಾಯಿಗೆ ಅದು ಕೇಳಿಸಲಿಲ್ಲ.

ನಾನು ಹೇಳಿದ್ದಕ್ಕೆ ಸೋಮನಾಥ್ ಅವರಿಗೆ ಸಿಟ್ಟು ಇನ್ನೂ ಹೆಚ್ಚಾಯಿತು. ತಾಯಿಯ ಕಡೆ ತಿರುಗಿ ಬಾಯಿಗೆ ಬಂದಂತೆ ಅಂದರು. 'ನಿನ್ ಪೂಜೆಗೆ ನನ್ ಹೊಟ್ಟೆ ಮೇಲೆ ಹೊಡ್ದಲ್ಲಮ್ಮ, ಗೊತ್ತಿಲ್ಲದಿದ್ರೆ ಮುಟ್ಬಾರ್ದು, ಇನ್ಮೇಲೆ ಅಂಗಡಿ ಒಳಗೆ ಕಾಲಿಡ್ಬೇಡ' ಎಂದರು. ಪರಮಶಿವಯ್ಯನವರು, ಹೋಗಲಿ ಬಿಡಿ, ವಯಸ್ಸಾದವರು ಎಂದರು. ನೀಲಗಂಗಮ್ಮನವರು ಕಂಪ್ಯೂಟರಿನ ಮೇಲೆ ಶನಿವಾರದಿಂದ ಇದ್ದ ಬಾಡಿದ ಸೇವಂತಿಗೆಯನ್ನು ತೆಗೆದು ಸೆರಗಿಗೆ ಹಾಕಿಕೊಂಡು ಒಳಗೆ ಹೋದರು. ಅದು ಅವರ ಮನೆಯ ವಿಷಯ ಎಂದು ನಾನು ಕಂಪ್ಯೂಟರಿನ ಕಡೆ ತಿರುಗಿದೆ.

ಅದೇ ಫಾಂಟಿನ ಇನ್ನೊಂದು ಪ್ರತಿ ಬಿ.ಟಿ.ಎಂ.ನ ನನ್ನ ರೂಮಿನಲ್ಲಿತ್ತು. ತರುತ್ತೇನೆ ಎಂದು ಹೇಳಿ ಹತ್ತೂ ಮುಕ್ಕಾಲಿಗೆ ಹೊರಗೆ ಬಂದು ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದೆ. ಅದು ಸ್ಟಾರ್ಟ್ ಆಗುತ್ತಿರಲಿಲ್ಲ. ಆಗ ನೀಲಗಂಗಮ್ಮನವರು ಪಕ್ಕದ ಸಂದಿಯಿಂದ ಬಂದರು. ಕೈಯಲ್ಲಿ ಆ ಸಿ.ಡಿ. ಇತ್ತು. ಸೋಮನಾಥ್ ಅದನ್ನು ಕಸದ ಬುಟ್ಟಿಗೆ ಎಸೆದಿದ್ದರು, ಅವರು ಎತ್ತಿಕೊಂಡಿದ್ದರು. 'ಇಂಥಾದ್ದು ಎಲ್ಲಿ ಸಿಕ್ತದಪ್ಪ' ಎಂದು ಕೇಳಿದರು.

ನಾನು ಅವರಿಗೆ ಹೇಳಿದ ಮಾತು ಇಷ್ಟೇ: 'ನಿಮಗ್ಯಾಕ್ರೀ ಅವ್ವಾರ ಇದೆಲ್ಲ, ಸಿ.ಡಿ. ಬೇಕಾದಷ್ಟು ಸಿಗ್ತಾವು, ಜಯನಗರ ಫೋರ್ತ್ ಬ್ಲಾಕ್ ಕಾಂಪ್ಲೆಕ್ಸ್ ಹತ್ರ ಹೋದ್ರೆ ರಾಶಿ ಹಾಕ್ಕೊಂಡು ಕೂತಿರ್ತಾರ.' ಅವರು ಮತ್ತೆ, ಕಾಂಪ್ಲೆಕ್ಸ್ ಎಂದರೆ ಬಸ್ ನಿಲ್ಲುವ ಜಾಗದ ಹತ್ತಿರವೇ ತಾನೇ ಎಂದು ಕೇಳಿದರು. ಹೌದು ಎಂದೆ. ಅಷ್ಟರಲ್ಲಿ ಸ್ಕೂಟರು ಸ್ಟಾರ್ಟ್ ಆಯಿತು. ನಾನು ಹೊರಟೆ.

ಇನ್ನೊಂದು ಪ್ರತಿ ತರಲು ನಾನೇ ಹೋಗುತ್ತಿದ್ದೇನೆ ಎಂದು ಅವರಿಗೆ ಏಕೆ ಹೇಳಲಿಲ್ಲ ಎಂದು ಅನಂತರಾಮು ಅವರು ಕೇಳಿದರು. ಅವರು ಅದನ್ನು ಕೇಳಲಿಲ್ಲ, ನಾನು ಹೇಳಲಿಲ್ಲ. ಅವರು ಒಬ್ಬರೇ ಹೊರಡುತ್ತಾರೆ ಎಂದು ನನಗೆ ಅನ್ನಿಸಲಿಲ್ಲ. ಬನಶಂಕರಿ ಅಮ್ಮನ ಗುಡಿಗೆ ಹೋಗುವುದಕ್ಕೂ ಸೊಸೆಯನ್ನು ಕರೆದುಕೊಂಡು ಹೋಗುತ್ತಿದ್ದವರು ಅವರು. ಸೋಮವಾರದಿಂದ ನಾನೂ ಇದೇ ಪ್ರಶ್ನೆಯನ್ನು ಕೇಳಿಕೊಳ್ಳುತ್ತಿದ್ದೇನೆ.

ದಾರಿಯಲ್ಲಿ ಸ್ಕೂಟರು ಮತ್ತೆ ಕೈಕೊಟ್ಟಿದ್ದರಿಂದ ನಾನು ರೂಮಿನಿಂದ ಪ್ರತಿ ತಂದಾಗ ಮಧ್ಯಾಹ್ನ ಒಂದು ಗಂಟೆ ಆಗಿತ್ತು. ಫಾಂಟ್ ಹಾಕಿದೆ. ಮೊದಲು ಒತ್ತಕ್ಷರಗಳು ಸಾಲಿನಿಂದ ಕೆಳಗೆ ಜಾರಿ ಮುಂದಿನ ಸಾಲಿನ ಮೇಲೆ ಕುಳಿತವು. ಸಿ.ಡಿ.ಯಲ್ಲಿರುವ ಹಳೆಯ ಮತ್ತು ಹೊಸ ಫಾಂಟುಗಳು ಒಂದೇ ಹೆಸರಿನಲ್ಲಿ ಸೇರಿಕೊಂಡರೆ ಹೀಗಾಗುತ್ತದೆ. ಎಲ್ಲವನ್ನೂ ತೆಗೆದು, ಕಂಪ್ಯೂಟರ್ ಆರಿಸಿ, ಮತ್ತೆ ಹಾಕಿದೆ. ಮೂರು ಗಂಟೆಯ ಹೊತ್ತಿಗೆ ವರದಿಯ ಮೊದಲ ಪುಟ ಸರಿಯಾಗಿ ಕಂಡಿತು. ಒಂದು ಅಕ್ಷರವೂ ಹೋಗಿರಲಿಲ್ಲ. ಸೋಮನಾಥ್ ನನ್ನ ಬೆನ್ನು ತಟ್ಟಿ, 'ಸಖತ್ ಗುರು, ಬದುಕಿಸ್ಬಿಟ್ರಿ' ಎಂದು ನಕ್ಕರು. ಒಳಗೆ ತಿರುಗಿ, 'ಅಮ್ಮಾ, ಎರಡು ಕಾಫಿ' ಎಂದು ಕೂಗಿದರು.

ಕಾಫಿ ಬರಲಿಲ್ಲ. ಪ್ರೇರಣಾ ಅವರು ಬಂದು, ಅತ್ತೆ ಅಂಗಡಿಯಲ್ಲೇ ಇದ್ದಾರೆ ಎಂದುಕೊಂಡಿದ್ದೆ ಎಂದರು. ಮನೆಯಲ್ಲಿರಲಿಲ್ಲ. ಪಕ್ಕದ ಮುನಿಲಕ್ಷ್ಮಮ್ಮ ಎಂಬವರ ಮನೆಯಲ್ಲಿಯೂ ಇರಲಿಲ್ಲ. ಹನ್ನೊಂದರ ಸುಮಾರಿಗೆ ಅವರು ಚೀಲ ಹಿಡಿದು ಬಸ್ ನಿಲ್ದಾಣದ ಕಡೆ ಹೋದದ್ದನ್ನು ಮುನಿಲಕ್ಷ್ಮಮ್ಮನವರು ನೋಡಿದ್ದರು. ಎಲ್ಲಿಗೆ ಎಂದು ಕೇಳಿದ್ದಕ್ಕೆ, ಮಗನದು ಒಂದು ಸಾಮಾನು ತರಬೇಕು, ಬೇಗ ಬಂದುಬಿಡುತ್ತೇನೆ, ಅವನಿಗೆ ಹೇಳಬೇಡ ಎಂದಿದ್ದರಂತೆ. ಅದನ್ನು ಕೇಳಿದ ಕೂಡಲೇ ನಾನು ಜಯನಗರದ ಮಾತು ಹೇಳಿದೆ.

ಸೋಮನಾಥ್ ಮತ್ತು ನಾನು ನನ್ನ ಸ್ಕೂಟರಿನಲ್ಲಿ ಜಯನಗರಕ್ಕೆ ಹೋದೆವು. ಕಾಂಪ್ಲೆಕ್ಸ್, ಬಸ್ ನಿಲ್ದಾಣ, ಸುತ್ತಲಿನ ಸಿ.ಡಿ. ಮಾರುವ ಅಂಗಡಿಗಳಲ್ಲಿ ಕೇಳಿದೆವು. ಒಬ್ಬ ಅಂಗಡಿಯವನು, 'ದಿನಾ ಸಾವಿರ ಜನ ಬರ್ತಾರೆ ಗುರು, ಯಾರನ್ನಂತ ನೆನಪಿಟ್ಕೊಳ್ಳಿ' ಎಂದ. ಕತ್ತಲಾದ ಮೇಲೆ ಹಿಂದಿರುಗಿ ಬನಶಂಕರಿ ಕಡೆಯ ಠಾಣೆಯಲ್ಲಿ ಕಾಣೆಯಾದ ಬಗ್ಗೆ ದೂರು ಕೊಟ್ಟೆವು. ಅಷ್ಟು ಹೊತ್ತಿಗೆ ಅವರು ಇಲ್ಲಿ ಜಯನಗರದ ಸರ್ಕಾರಿ ಆಸ್ಪತ್ರೆಯಲ್ಲಿದ್ದರು. ನಮಗೆ ಅದು ಗೊತ್ತಿರಲಿಲ್ಲ.

ದಿನಾಂಕ 7-10-2003ರ ಮಂಗಳವಾರ ಬೆಳಿಗ್ಗೆ ಅಂಟಿಸುವುದಕ್ಕೆ ಒಂದು ಹಾಳೆ ಮಾಡಲು ಸೋಮನಾಥ್ ಕಂಪ್ಯೂಟರಿನ ಮುಂದೆ ಕುಳಿತರು. ಕಾಣೆಯಾಗಿದ್ದಾರೆ ಎಂದು ದೊಡ್ಡ ಅಕ್ಷರದಲ್ಲಿ ಹೊಡೆದರು. ಹೆಸರು, ವಯಸ್ಸು ಹೊಡೆದರು. ಚಹರೆ ಎಂಬಲ್ಲಿಗೆ ಬಂದು ನಿಂತರು. ಯಾವ ಸೀರೆ ಉಟ್ಟಿದ್ದರು ಎಂದು ನನ್ನನ್ನು ಕೇಳಿದರು. ನನಗೂ ನೆನಪಿರಲಿಲ್ಲ. ಮೂಗುಬಟ್ಟು ಎಡಕ್ಕೋ ಬಲಕ್ಕೋ ಎಂದು ತಮ್ಮನ್ನೇ ಕೇಳಿಕೊಂಡರು. ಕೊನೆಗೆ ಪ್ರೇರಣಾ ಅವರು ಹಿಂದೆ ನಿಂತು, ಹಸಿರು ವಾಯಿಲ್ ಸೀರೆ, ಕಪ್ಪು ಅಂಚು, ಮೂಗುಬಟ್ಟು ಬಲಕ್ಕೆ, ಎಡಗೈಯಲ್ಲಿ ಸುಟ್ಟ ಕಲೆ ಎಂದು ಹೇಳುತ್ತಾ ಹೋದರು, ಇವರು ಹೊಡೆಯುತ್ತಾ ಹೋದರು. ಆ ಕಲೆ ಯಾವಾಗ ಆಯಿತು ಎಂದು ಸೋಮನಾಥ್ ಕೇಳಿದರು. ಪ್ರೇರಣಾ ಅವರು, 'ನಿಮಗೇ ದೋಸೆ ಹಾಕ್ವಾಗ' ಎಂದು ಹೇಳಿ ಒಳಗೆ ಹೋದರು.

ಹಾಳೆಗಳನ್ನು ಜೆರಾಕ್ಸ್ ಮಾಡಿಸಿ, ಬನಶಂಕರಿ ದೇವಸ್ಥಾನದ ಬಸ್ ನಿಲ್ದಾಣದಿಂದ ಅಂಟಿಸುತ್ತಾ ಹೊರಟೆವು. ಹನ್ನೊಂದು ಗಂಟೆಗೆ ನನ್ನ ಮೊಬೈಲ್ ಬಡಿಯಿತು. ಈ ಠಾಣೆಯಿಂದ ಮಾತಾಡುತ್ತಿರುವುದಾಗಿ ಹೇಳಿ, ಸಿದ್ದಾರೂಢ ಎಂದರೆ ಯಾರು, ಒಬ್ಬ ಹೆಂಗಸಿನ ಚೀಲದಲ್ಲಿ ಒಂದು ಸಿ.ಡಿ. ಸಿಕ್ಕಿದೆ, ಅದರ ಮೇಲೆ ಈ ನಂಬರ್ ಇದೆ ಎಂದರು. ಹೆಂಗಸು ಹೇಗಿದ್ದಾರೆ ಎಂದು ಕೇಳಿದೆ. 'ನೀವು ಬನ್ನಿ, ಹೇಳ್ತೀವಿ' ಎಂದರು. ಹಾಗೆ ಹೇಳಿದರೆ ಏನು ಅರ್ಥ ಎಂದು ಯಾರಿಗಾದರೂ ತಿಳಿಯುತ್ತದೆ.

ಸೋಮನಾಥ್ ನನಗಿಂತ ಎರಡು ಲೈಟುಕಂಬ ಮುಂದೆ ಇದ್ದರು. ಹಾಳೆಯ ಮೂಲೆ ಸುರುಳಿ ಸುತ್ತಬಾರದು ಎಂದು ಅಂಗೈಯಿಂದ ಒತ್ತುತ್ತಿದ್ದರು. ಅವರು ಆ ಹಾಳೆ ಅಂಟಿಸಿ ಮುಗಿಸುವವರೆಗೂ ನಿಂತಿದ್ದೆ. ಆಮೇಲೆ ಹೋಗಿ, ಜಯನಗರದ ಕಡೆಯ ಠಾಣೆಗೆ ಬರಬೇಕಂತೆ ಎಂದೆ. ಅವರು, 'ಸಿಕ್ಕಿದ್ರಾ?' ಎಂದರು. ಸಿಕ್ಕಿದ್ದಾರಂತೆ ಎಂದೆ. ದಾರಿಯಲ್ಲಿ ಸ್ಕೂಟರಿನ ಹಿಂದೆ ಕುಳಿತು, ಈ ಸಲ ಅಮ್ಮನನ್ನು ಊರಿಗೆ ಕರೆದುಕೊಂಡು ಹೋಗಿ ನಾಲ್ಕು ದಿನ ಇದ್ದು ಬರಬೇಕು ಎಂದು ಹೇಳುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ.

ಠಾಣೆಯಲ್ಲಿ ತಿಳಿದದ್ದು: ಸೋಮವಾರ ಮಧ್ಯಾಹ್ನ ಒಂದು ಗಂಟೆ ಸುಮಾರಿಗೆ ಕಾಂಪ್ಲೆಕ್ಸ್ ಕಡೆಯಿಂದ ಬಸ್ ನಿಲ್ದಾಣದ ಕಡೆಗೆ ರಸ್ತೆ ದಾಟುವಾಗ ನಂಬರ್ ಗೊತ್ತಿಲ್ಲದ ಒಂದು ಟೆಂಪೋ ಅವರಿಗೆ ಬಡಿದು ನಿಲ್ಲಿಸದೆ ಹೋಗಿದೆ. ಸಾರ್ವಜನಿಕರು ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದ್ದಾರೆ. ಚೀಲ ಆಸ್ಪತ್ರೆಯಿಂದ ಠಾಣೆಗೆ ಬಂದದ್ದು ಮಂಗಳವಾರ. ಅವರಿಗೆ ಪ್ರಜ್ಞೆ ಬರಲಿಲ್ಲ. ಮಂಗಳವಾರ ಮುಂಜಾನೆ ತೀರಿಕೊಂಡಿದ್ದಾರೆ. ಅಂದರೆ ನಾನು ರೂಮಿನಿಂದ ಪ್ರತಿ ತಂದು ಕಂಪ್ಯೂಟರಿಗೆ ಹಾಕುವ ಹೊತ್ತಿಗೆ ಅವರು ವಾಪಸ್ ಹೊರಟಿದ್ದರು. ಮೃತದೇಹವನ್ನು ಸೋಮನಾಥ್ ಗುರುತಿಸಿದರು, ನಾನೂ ಗುರುತಿಸಿದೆ. ಮೂಗುಬಟ್ಟು ಬಲಕ್ಕೇ ಇತ್ತು.

ಇಂದು ದಿನಾಂಕ 8ರ ಬೆಳಿಗ್ಗೆ ರುದ್ರಭೂಮಿಯಲ್ಲಿ ಸಮಾಧಿ ಆಯಿತು. ಅಲ್ಲಿಂದ ಸೋಮನಾಥ್ ಮತ್ತು ನಾನು ನೇರವಾಗಿ ಇಲ್ಲಿಗೆ ಬಂದೆವು. ಸೋಮನಾಥ್ ಹೊರಗೆ ಬೆಂಚಿನ ಮೇಲೆ ಕುಳಿತರು. ಅನಂತರಾಮು ಅವರು ನನ್ನನ್ನು ಒಳಗೆ ಕರೆದು, ನಿನ್ನೆ ಸೋಮನಾಥ್ ಅವರಿಗೆ ತೋರಿಸಿದ್ದ ಚೀಲದ ವಸ್ತುಗಳನ್ನು ನನಗೂ ತೋರಿಸಿದರು. ಬಸ್ ಟಿಕೆಟ್, ಕರವಸ್ತ್ರ, ವಿಭೂತಿ ಗಟ್ಟಿ, ನನ್ನ ನಂಬರ್ ಇರುವ ಹಳೆಯ ಸಿ.ಡಿ. ಮತ್ತು ಬಿಳಿ ಕಾಗದದ ಕವರಿನಲ್ಲಿ ಒಂದು ಹೊಸ ಸಿ.ಡಿ. ಹೊಸದನ್ನು ಕರವಸ್ತ್ರದಲ್ಲಿ ಎರಡು ಸುತ್ತು ಸುತ್ತಿದ್ದರಂತೆ. ಅದರಲ್ಲಿ ಏನಿದೆ ಎಂದು ನೋಡಿ ಹೇಳಲು ಅನಂತರಾಮು ಅವರು ಕೇಳಿದರು. ಠಾಣೆಯ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ. ಆ ಕಂಪ್ಯೂಟರಿನಲ್ಲೂ ಕನ್ನಡ ಬರುವುದಿಲ್ಲ, ಈ ಹೇಳಿಕೆಯನ್ನು ಕೈಯಲ್ಲಿ ಬರೆಯುತ್ತಿರುವುದು ಅದಕ್ಕೇ.

ಆ ಸಿ.ಡಿ. ಖಾಲಿ ಇದೆ. ಅದರಲ್ಲಿ ಫಾಂಟ್ ಇಲ್ಲ, ಏನೂ ಇಲ್ಲ. ಹಳೆಯದನ್ನು ತೋರಿಸಿ ಇಂಥಾದ್ದೇ ಹೊಸದು ಕೊಡಿ ಎಂದು ಕೇಳಿರಬೇಕು. ಅಂಗಡಿಯವರು ಕೊಟ್ಟಿದ್ದಾರೆ. ಅಂಗಡಿಯವರದು ತಪ್ಪಿಲ್ಲ. ಬಿಲ್ಲೆಯೇ ಅಕ್ಷರ ಎಂದುಕೊಂಡವರಿಗೆ ಎರಡೂ ಒಂದೇ. ಹೊಸದು ಇನ್ನೂ ಚೆನ್ನಾಗಿ ಹೊಳೆಯುತ್ತದೆ. ಮಗನ ಸಾಮಾನು ಸಿಕ್ಕಿತು ಎಂದು ಸಮಾಧಾನದಿಂದಲೇ ಅವರು ರಸ್ತೆ ದಾಟಿರಬೇಕು. ಹಾಗೆಂದು ನಾನು ಅಂದುಕೊಂಡಿದ್ದೇನೆ.

ನಾನು ಹೊರಗೆ ಬಂದಾಗ ಸೋಮನಾಥ್ ಎದ್ದು ನಿಂತರು. ನಿನ್ನೆಯಿಂದ ಅವರು ಅತ್ತಿರಲಿಲ್ಲ. 'ಹೊಸ ಸಿ.ಡಿ. ಹಾಕಿ ನೋಡಿದ್ರಾ? ಅದ್ರಲ್ಲಿ ಫಾಂಟ್ ಇತ್ತಾ ಸಿದ್ದಣ್ಣ?' ಎಂದು ಕೇಳಿದರು. ನಾನು, 'ಇತ್ತು. ಎಲ್ಲಾ ಇತ್ತು. ಅವ್ವಾರು ಸರಿಯಾದ್ದನ್ನೇ ತಂದಿದ್ರು' ಎಂದೆ. ಅವರು ಬೆಂಚಿನ ಮೇಲೆ ಕುಳಿತು ಮಕ್ಕಳ ಹಾಗೆ ಅತ್ತರು. 'ನೋಡಿ, ಅಮ್ಮಂಗೆ ಗೊತ್ತಾಗಿತ್ತು, ನಾನೇ ಏನೂ ಗೊತ್ತಿಲ್ಲ ಅಂದ್ಬಿಟ್ಟೆ' ಎಂದು ನನ್ನ ಕೈ ಹಿಡಿದುಕೊಂಡರು. ನಾನು ಕೈ ಬಿಡಿಸಿಕೊಂಡು ಒಳಗೆ ಬಂದು ಹೇಳಿಕೆ ಮುಂದುವರಿಸಿದೆ.

ಕಡತದಲ್ಲಿ ಇರಬೇಕಾದದ್ದು ಖಾಲಿ ಎಂಬುದೇ. ಸೋಮನಾಥ್ ಅವರಿಗೆ ಹೇಳಿದ್ದು ಸುಳ್ಳು, ಅದು ನನಗೆ ತಿಳಿದಿದೆ. ಸಂಬಂಧಪಟ್ಟವರಲ್ಲಿ ನನ್ನ ಒಂದೇ ಬೇಡಿಕೆ. ಪ್ರಕರಣ ಮುಗಿದು ಮೃತರ ವಸ್ತುಗಳನ್ನು ಮಗನಿಗೆ ಹಿಂದಿರುಗಿಸುವ ದಿನ, ಅವರಿಗೆ ತಿಳಿಸುವ ಮೊದಲು ನನಗೆ ಒಂದು ಫೋನ್ ಮಾಡಬೇಕು. ಆ ಹೊಸ ಸಿ.ಡಿ.ಯನ್ನು ಅರ್ಧ ಗಂಟೆ ನನ್ನ ಕೈಗೆ ಕೊಟ್ಟರೆ ಫಾಂಟುಗಳನ್ನೆಲ್ಲ ಅದಕ್ಕೆ ತುಂಬಿ ಕೊಡುತ್ತೇನೆ. ಅದನ್ನು ಅವರು ಇವತ್ತಲ್ಲ ನಾಳೆ ಕಂಪ್ಯೂಟರಿಗೆ ಹಾಕಿಯೇ ಹಾಕುತ್ತಾರೆ. ಆಗ ಖಾಲಿ ಕಾಣಬಾರದು. ಅನಂತರಾಮು ಅವರು ಇದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ ಎಂದರು. ಆದರೂ ಬರೆದುಕೊಳ್ಳಿ ಎಂದೆ. ಬರೆದುಕೊಂಡಿದ್ದಾರೆ.

ಮೇಲೆ ಬರೆದದ್ದನ್ನು ನನಗೆ ಓದಿ ಕೇಳಿಸಿದ್ದಾರೆ. ನಾನು ಹೇಳಿದಂತೆಯೇ ಇದೆ, ಸೇರಿಸುವುದೂ ತೆಗೆಯುವುದೂ ಇಲ್ಲ.

ಸ್ಥಳ: ಜಯನಗರ, ಬೆಂಗಳೂರು
ದಿನಾಂಕ: 8-10-2003
(ಸಹಿ) ಸಿದ್ದಾರೂಢ ಹೊಳೆಪ್ಪ
ನನ್ನ ಸಮಕ್ಷಮ: ಅನಂತರಾಮು, ಹೆಡ್ ಕಾನ್‌ಸ್ಟೇಬಲ್